ಡಬ್ಬದ ಮುಂದಲ್ಲ, ಹಿಂದೆ ಓದಿ

ಪ್ರಶ್ನೆ: ನನ್ನದು 2014ರ ಸ್ಪ್ಲೆಂಡರ್. ದಿನಾ ಗುಬ್ಬಿಯಿಂದ ತುಮಕೂರಿಗೆ ಓಡಾಟ. ಮೂರು ಸಾವಿರ ಕಿಲೋಮೀಟರಿಗೊಮ್ಮೆ ಆಯಿಲ್ ಬದಲಿಸುತ್ತೇನೆ. ಅಂಗಡಿಯಲ್ಲಿ ನೋಡಿದರೆ ಮಾಮೂಲಿ ಮಿನರಲ್ ಆಯಿಲ್‌ನಲ್ಲೇ ಐದಾರು ಕಂಪನಿ. ಬೆಲೆ 340ರಿಂದ 450 ರೂಪಾಯಿವರೆಗೆ. ಮೆಕ್ಯಾನಿಕ್ ಒಂದು ಹೇಳುತ್ತಾನೆ, ಅಂಗಡಿಯವರು ಇನ್ನೊಂದು. ಜಾಸ್ತಿ ಬೆಲೆಯದು ನಿಜಕ್ಕೂ ಒಳ್ಳೆಯದಾ ಸಾರ್?
– ಓದುಗರು, ಗುಬ್ಬಿ

ಉತ್ತರ: ಇಪ್ಪತ್ತಾರು ವರ್ಷ ತುಮಕೂರಿನಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ನಡೆಸಿದವನು ನಾನು. ಈ ಪ್ರಶ್ನೆ ದಿನಕ್ಕೆ ಹತ್ತು ಸಲ ಬರುತ್ತಿತ್ತು. ಆಗ ನನ್ನ ಉತ್ತರ ಸುಲಭ. ಯಾವುದರಲ್ಲಿ ನಾಲ್ಕು ಕಾಸು ಜಾಸ್ತಿ ಉಳಿಯುತ್ತದೋ ಅದೇ ಒಳ್ಳೆಯ ಆಯಿಲ್! ಈಗ ಅಂಗಡಿ ಮಗನ ಕೈಯಲ್ಲಿದೆ. ನಿಜ ಹೇಳಿದರೆ ನನಗೇನೂ ನಷ್ಟವಿಲ್ಲ.

ಡಬ್ಬದ ಮುಂದೆ ಇರುವುದು ಬೈಕು, ಬೆಂಕಿ, ಮಿಂಚು. ಅದನ್ನು ಬಿಡಿ. ತಿರುಗಿಸಿ ಹಿಂದೆ ನೋಡಿ. ಅಲ್ಲಿ ಸಣ್ಣ ಅಕ್ಷರದಲ್ಲಿ ಮೂರು ಸಂಗತಿ ಇರುತ್ತವೆ. ಮೊದಲನೆಯದು ಗ್ರೇಡು, ಅಂದರೆ 10ಡಬ್ಲ್ಯೂ-30, 20ಡಬ್ಲ್ಯೂ-40 ಅಂತ ಬರೆದಿರುವುದು. ಡಬ್ಲ್ಯೂ ಅಂದರೆ ಚಳಿಗಾಲ. ಅದಕ್ಕಿಂತ ಮೊದಲು ಬರುವ ಸಂಖ್ಯೆ ಚಳಿಯಲ್ಲಿ ಆಯಿಲ್ ಎಷ್ಟು ಮಂದ ಅನ್ನುತ್ತದೆ, ಆಮೇಲೆ ಬರುವುದು ಎಂಜಿನ್ ಕಾದಾಗ ಎಷ್ಟು ಮಂದ ಅನ್ನುತ್ತದೆ. ನಿಮ್ಮ ಗಾಡಿಯ ಪುಸ್ತಕ ಕೇಳುವುದು 10ಡಬ್ಲ್ಯೂ-30. ಅಂಗಡಿಯ ಸಾಲಿನಲ್ಲಿ ಜಾಸ್ತಿ ಕಾಣುವುದು 20ಡಬ್ಲ್ಯೂ-40. ಅದರ ಬೆಲೆಗೂ ಇದರ ಬೆಲೆಗೂ ತಾಳೆ ಹಾಕಿದರೆ ಬದನೆಕಾಯಿಗೂ ಹಾಗಲಕಾಯಿಗೂ ತಾಳೆ ಹಾಕಿದ ಹಾಗೆ.

ಎರಡನೆಯದು ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಅನ್ನುವ ಮೂರಕ್ಷರದ ಪಕ್ಕ ಇರುವ ಎಸ್‌ಜೆ, ಎಸ್‌ಎಲ್, ಎಸ್‌ಎನ್ ಮುಂತಾದವು. ಎಸ್ ಅಂದರೆ ಪೆಟ್ರೋಲ್ ಎಂಜಿನ್. ಅದರ ಮುಂದಿನ ಅಕ್ಷರ ಮುಂದುವರಿದಷ್ಟೂ ಹೊಸ ಅಳತೆ. ಎಸ್‌ಎಲ್ 2001ರದು, ಎಸ್‌ಎನ್ 2010ರದು, ಎಸ್‌ಪಿ 2020ರದು. ತೀರಾ ಅಗ್ಗದ ಡಬ್ಬಗಳ ಮೇಲೆ ಕೆಲವು ಸಲ ಎಸ್‌ಎಫ್ ಅಂತ ಇರುತ್ತದೆ. ಅದು 1988 ಮತ್ತು ಅದಕ್ಕೂ ಹಿಂದಿನ ಎಂಜಿನ್ನಿನ ಲೆಕ್ಕ. 2014ರ ಗಾಡಿಗೆ ಬೇಡ. ಮೂರನೆಯದು ಜಾಸೊ ಎಂಎ ಅಥವಾ ಎಂಎ2. ಇದು ಜಪಾನಿನವರು ಬೈಕಿನ ಕ್ಲಚ್ಚಿಗಾಗಿ ಮಾಡಿದ ಅಳತೆ. ಕ್ಲಚ್ ಆಯಿಲ್‌ನಲ್ಲೇ ಮುಳುಗಿರುವ ನಿಮ್ಮಂಥ ಗಾಡಿಗೆ ಇದು ಇರಲೇಬೇಕು.

ಈ ಮೂರೂ ಒಂದೇ ಇದ್ದರೆ ಕ್ಯಾಸ್ಟ್ರಾಲ್, ಸರ್ವೊ, ಮ್ಯಾಕ್, ಎಚ್‌ಪಿ, ಗಲ್ಫ್, ವೀಡಾಲ್ ಯಾವುದಾದರೂ ನಿಮ್ಮ ಎಂಜಿನ್ನಿಗೆ ಮೋಸವಿಲ್ಲ. ಯಾಕೆ ಅಂತೀರಾ? ಮಿನರಲ್ ಆಯಿಲ್‌ನ ಬಹುಪಾಲು ಕಚ್ಚಾತೈಲ ಶುದ್ಧಿ ಮಾಡುವಾಗ ಸಿಗುವ ಬೇಸ್ ಆಯಿಲ್. ನಮ್ಮ ದೇಶದಲ್ಲಿ ಅದನ್ನು ತಯಾರಿಸುವ ಜಾಗಗಳೇ ಬೆರಳೆಣಿಕೆ. ಮುಂಬಯಿ, ಹಲ್ದಿಯಾ, ಚೆನ್ನೈ ಹೀಗೆ. ಉಳಿದದ್ದು ಸವಕಳಿ ತಡೆಯುವ, ಮಸಿ ಕಟ್ಟದಂತೆ ನೋಡಿಕೊಳ್ಳುವ ಮದ್ದುಗಳು. ಇಡೀ ಜಗತ್ತಿಗೆ ಆ ಮದ್ದು ಕೊಡುವ ದೊಡ್ಡ ಕಂಪನಿಗಳೂ ನಾಲ್ಕೇ. ಹಾಗಂತ ಎಲ್ಲ ಡಬ್ಬದಲ್ಲೂ ಅದೇ ಆಯಿಲ್ ಅಂತ ನಾನು ಹೇಳುತ್ತಿಲ್ಲ. ಮದ್ದಿನ ಹದ ಬೇರೆ ಬೇರೆ. ಆದರೆ ಬಂಕ್ ನಡೆಸುವ ಸರಕಾರಿ ಕಂಪನಿಗಳ ಸರ್ವೊ, ಮ್ಯಾಕ್, ಎಚ್‌ಪಿ ಸಾಮಾನ್ಯವಾಗಿ ನಾಲ್ಕು ಕಾಸು ಅಗ್ಗಕ್ಕೆ ಸಿಗುತ್ತವೆ ಅನ್ನುವ ಕಾರಣಕ್ಕೆ ಅವು ಕಳಪೆ ಅನ್ನುವುದು ತಪ್ಪು. ನಾನು ನನ್ನ ಗಾಡಿಗೆ ಹಾಕುವುದು ಸರ್ವೊ. ಮಗ ಕ್ಯಾಸ್ಟ್ರಾಲ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಇಬ್ಬರ ಎಂಜಿನ್ನೂ ಚೆನ್ನಾಗಿಯೇ ಇದೆ.

ಇನ್ನು ಬೆಲೆ. ಡಬ್ಬದ ಅಳತೆ ನೋಡದೆ ಬೆಲೆ ನೋಡಬೇಡಿ. 900 ಮಿಲಿಗೆ 370 ಅಂದರೆ ಲೀಟರಿಗೆ 411 ಆಯಿತು. ಪಕ್ಕದಲ್ಲೇ ಇರುವ ಪೂರ್ತಿ ಲೀಟರಿನ 395ರದು ಅಗ್ಗ ಅಲ್ವಾ? ನೀವು ಬರೆದ 340 ಮತ್ತು 450ರ ನಡುವೆ ವ್ಯತ್ಯಾಸ 110 ರೂಪಾಯಿ. ಮೂರು ಸಾವಿರ ಕಿಲೋಮೀಟರಿಗೆ ಹಂಚಿದರೆ ಕಿಲೋಮೀಟರಿಗೆ ನಾಲ್ಕು ಪೈಸೆಯೂ ಬೀಳುವುದಿಲ್ಲ. ಲೀಟರಿಗೆ ಅರವತ್ತು ಕೊಡುವ ಗಾಡಿಯಲ್ಲಿ ಲೀಟರಿಗೆ ನೂರು ರೂಪಾಯಿಯ ಪೆಟ್ರೋಲಿಗೇ ಕಿಲೋಮೀಟರಿಗೆ ಸುಮಾರು 167 ಪೈಸೆ ಹೋಗುತ್ತದೆ. ಟೈರಿನಲ್ಲಿ ಗಾಳಿ ಕಮ್ಮಿ ಇಟ್ಟುಕೊಂಡು ಓಡಿಸಿದರೆ ಆಯಿಲ್‌ನಲ್ಲಿ ಉಳಿಸಿದ್ದೆಲ್ಲ ರಸ್ತೆಗೇ ಹೋಯಿತು ಅಂತ ಲೆಕ್ಕ.

ನಿಜವಾಗಿ ಹೆದರಬೇಕಾದದ್ದು ನಕಲಿಗೆ. ಅಂಗಡಿಗೆ ಗುಜರಿ ಹುಡುಗನೊಬ್ಬ ಬರುತ್ತಿದ್ದ. ಖಾಲಿ ಆಯಿಲ್ ಡಬ್ಬ ಹಾಗೇ ಕೊಟ್ಟರೆ ಎರಡು ರೂಪಾಯಿ, ಮುಚ್ಚಳದ ಸಮೇತ ಕೊಟ್ಟರೆ ಐದು. ಮುಚ್ಚಳಕ್ಕೆ ಯಾಕಪ್ಪಾ ಮೂರು ರೂಪಾಯಿ ಜಾಸ್ತಿ ಅಂತ ನಾನು ಬಹಳ ದಿನ ಯೋಚಿಸಲೇ ಇಲ್ಲ. ಒಂದು ದಿನ ಗಿರಾಕಿಯೊಬ್ಬರು ಬೇರೆ ಕಡೆ ಕೊಂಡ ಡಬ್ಬ ತಂದು ತೋರಿಸಿದರು. ಬಾಯಿಯ ಮೇಲಿನ ಹಾಳೆ ಇಸ್ತ್ರಿಪೆಟ್ಟಿಗೆಯಲ್ಲಿ ಅಂಟಿಸಿದ ಹಾಗೆ ಸೊಟ್ಟಗಿತ್ತು. ಒಳಗಿನದು ನೀರಿನ ಹಾಗೆ ಜಾರುತ್ತಿತ್ತು. ಆಗ ಅರ್ಥವಾಯಿತು. ಅವತ್ತಿನಿಂದ ಪ್ರತಿ ಖಾಲಿ ಡಬ್ಬಕ್ಕೂ ಸ್ಕ್ರೂಡ್ರೈವರ್‌ನಲ್ಲಿ ತೂತು ಹೊಡೆದೇ ಎಸೆಯುತ್ತೇನೆ. ನೀವೂ ಹಾಗೇ ಮಾಡಿ. ಕೊಳ್ಳುವಾಗ ಮುಚ್ಚಳದ ಕೆಳಗಿನ ಬಳೆ ಮುರಿದಿಲ್ಲ ತಾನೇ, ಬ್ಯಾಚ್ ನಂಬರ್ ಉಜ್ಜಿದರೆ ಅಳಿಸುವುದಿಲ್ಲ ತಾನೇ ನೋಡಿ. ನಿಮ್ಮ ಕಣ್ಣೆದುರೇ ಡಬ್ಬ ಒಡೆಸಿ.

ಮೆಕ್ಯಾನಿಕ್ ಬ್ಯಾರಲ್‌ನಿಂದ ಲೂಸ್ ಆಯಿಲ್ ಹಾಕುತ್ತೇನೆ ಅಂದರೆ ನಾನಾದರೆ ಬೇಡ ಅನ್ನುತ್ತೇನೆ. ಬ್ಯಾರಲ್ ಆಯಿಲ್ ಕೆಟ್ಟದ್ದು ಅಂತಲ್ಲ. ಒಳಗೇನಿದೆ ಅಂತ ಓದಲು ನಿಮಗೆ ಲೇಬಲ್ ಇಲ್ಲ, ಅಷ್ಟೇ.

ಪ್ರಶ್ನೆ: ನನ್ನ ಆ್ಯಕ್ಟಿವಾಗೆ ನಮ್ಮ ಮೆಕ್ಯಾನಿಕ್ ಬೈಕಿನ 20ಡಬ್ಲ್ಯೂ-40 ಹಾಕಿಬಿಟ್ಟಿದ್ದಾರೆ. ಎಂಜಿನ್ ಹೋಗುತ್ತಾ?
– ಓದುಗರು, ತಿಪಟೂರು

ಉತ್ತರ: ಹೋಗಲ್ಲ, ಗಾಬರಿ ಬೇಡಮ್ಮ. ಆ್ಯಕ್ಟಿವಾ ಕೇಳುವುದು 10ಡಬ್ಲ್ಯೂ-30, ಜಾಸೊ ಎಂಬಿ. ಎಂಬಿ ಅಂದರೆ ಇನ್ನೂ ನುಣುಪಿನ ಆಯಿಲ್, ಮೈಲೇಜಿಗೆ ಒಳ್ಳೆಯದು. ಸ್ಕೂಟರಿನ ಕ್ಲಚ್ ಆಯಿಲ್‌ನಲ್ಲಿ ಇರುವುದಿಲ್ಲ, ಹಾಗಾಗಿ ನುಣುಪು ಎಷ್ಟಿದ್ದರೂ ತೊಂದರೆಯಿಲ್ಲ. ಈಗ ಹಾಕಿರುವುದರಿಂದ ಮೈಲೇಜ್ ಸ್ವಲ್ಪ ಇಳಿಯಬಹುದು, ಬೆಳಿಗ್ಗೆ ಗಾಡಿ ಸ್ವಲ್ಪ ಭಾರ ಅನ್ನಿಸಬಹುದು. ಮುಂದಿನ ಸಲ ಸರಿಯಾದದ್ದು ಹಾಕಿಸಿ.

ಉಲ್ಟಾ ಮಾಡಿ, ಸ್ಕೂಟರಿನದೋ ಕಾರಿನದೋ ನುಣುಪಿನ ಆಯಿಲ್ ಬೈಕಿಗೆ ಹಾಕಿದರೆ ಮಾತ್ರ ಕಷ್ಟ. ನಾನು ಮಾಡಿದ್ದೇನೆ! ಭಾವನ ಕಾರಿಗೆ ಹಾಕಿ ಉಳಿದ ಆಯಿಲ್ ಸುಮ್ನೆ ಯಾಕೆ ಹಾಳು ಮಾಡುವುದು ಅಂತ ನನ್ನ ಬೈಕಿಗೆ ಸುರಿದೆ. ವಾರ ಕಳೆದು ಹೆಂಡತಿಯನ್ನು ಕೂರಿಸಿಕೊಂಡು ದೇವರಾಯನದುರ್ಗ ಹತ್ತುತ್ತಿದ್ದೆ. ಎಂಜಿನ್ ಒಂದೇ ಸಮ ಅರಚುತ್ತದೆ, ಗಾಡಿ ಮಾತ್ರ ಮುಂದೆ ಹೋಗದು. ಕ್ಲಚ್ ಜಾರುತ್ತಿತ್ತು. ಕೊನೆಯ ತಿರುವುಗಳನ್ನು ಅವಳು ನಡೆದೇ ಹತ್ತಿದಳು. ಇವತ್ತಿಗೂ ಯಾರಾದರೂ ಮನೆಗೆ ಬಂದರೆ ಆ ಕಥೆ ಅವಳೇ ಹೇಳುವುದು.

ಪ್ರಶ್ನೆ: ಹೊಸ ಆಯಿಲ್ ಎರಡೇ ವಾರಕ್ಕೆ ಕಪ್ಪಾಯಿತು. ಕಂಪನಿ ಬದಲಿಸಲಾ?
– ಓದುಗರು, ಶಿರಾ

ಉತ್ತರ: ಬೇಡ. ಮಸಿಯನ್ನು ಎಳೆದು ತನ್ನಲ್ಲಿ ಇಟ್ಟುಕೊಳ್ಳುವುದೂ ಆಯಿಲ್ ಕೆಲಸ, ಕಪ್ಪಾದರೆ ಅದು ಕೆಲಸ ಮಾಡುತ್ತಿದೆ ಅಂತ. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದರೆ ಒಳಗೆ ನೀರು ಸೇರಿದೆ, ಆಗ ಗಾಡಿ ನಿಲ್ಲಿಸಿ. ಬಣ್ಣಕ್ಕಿಂತ ಮಟ್ಟ ನೋಡಿ. ಗಾಡಿಯನ್ನು ನಡುಸ್ಟ್ಯಾಂಡ್ ಹಾಕಿ, ಸ್ವಲ್ಪ ಹೊತ್ತು ಎಂಜಿನ್ ಓಡಿಸಿ, ಆಫ್ ಮಾಡಿ, ಎರಡು ಮೂರು ನಿಮಿಷ ಬಿಡಿ. ಆಯಿಲ್ ಮಟ್ಟ ಅಳೆಯುವ ಕಡ್ಡಿ ತೆಗೆದು ಒರೆಸಿ, ಮತ್ತೆ ಇಳಿಸಿ ತೆಗೆದು ನೋಡಿ. ನಿಮ್ಮದೂ ಸ್ಪ್ಲೆಂಡರ್ ಆದರೆ ಕಡ್ಡಿಯನ್ನು ತಿರುಗಿಸಿ ಬಿಗಿ ಮಾಡಬೇಡಿ, ಸುಮ್ಮನೆ ಬಾಯಿಯ ಮೇಲೆ ಕೂರಿಸಿದರೆ ಸಾಕು. ಬಿಗಿ ಮಾಡಿ ನೋಡಿದರೆ ಆಯಿಲ್ ಕಮ್ಮಿಯಿದ್ದರೂ ಸರಿಯಾಗಿದ್ದಂತೆ ತೋರಿಸುತ್ತದೆ.