ಫುಟ್‌ಬಾಲ್ ವಿಶ್ವಕಪ್ ಬಹಿಷ್ಕರಿಸಿದವರಿಗೆ ಅದರಿಂದ ಏನಾದರೂ ಸಿಕ್ಕಿದ್ದುಂಟಾ?

ಉಂಟು. 1966ರ ಇಂಗ್ಲೆಂಡ್ ವಿಶ್ವಕಪ್ ನೋಡಿ. ಆ ಸಲ ಆಫ್ರಿಕಾದ ಒಂದು ತಂಡವೂ ಆಡಲಿಲ್ಲ. ಸೋತು ಹೊರಬಿದ್ದದ್ದಲ್ಲ, 15 ದೇಶಗಳು ಒಟ್ಟಿಗೆ ಅರ್ಹತಾ ಸುತ್ತಿನಿಂದಲೇ ಹಿಂದೆ ಸರಿದವು.

ಕಾರಣ ಸರಳ. ಇದ್ದದ್ದು 16 ಜಾಗ. ಅದರಲ್ಲಿ ಯುರೋಪಿಗೆ 10, ದಕ್ಷಿಣ ಅಮೆರಿಕಕ್ಕೆ 4, ಉತ್ತರ ಮತ್ತು ಮಧ್ಯ ಅಮೆರಿಕಕ್ಕೆ 1. ಉಳಿದ ಒಂದೇ ಒಂದು ಜಾಗಕ್ಕೆ ಆಫ್ರಿಕಾ, ಏಷ್ಯಾ, ಓಷಿಯಾನಿಯಾ (ಆಸ್ಟ್ರೇಲಿಯಾ ಕಡೆಯ ದೇಶಗಳು) ಮೂರೂ ಬಡಿದಾಡಬೇಕಿತ್ತು! ಆಫ್ರಿಕಾದಲ್ಲಿ ಎಲ್ಲರನ್ನೂ ಸೋಲಿಸಿದ ತಂಡ ಆಮೇಲೆ ಏಷ್ಯಾ ಕಡೆಯಿಂದ ಗೆದ್ದು ಬಂದವರನ್ನೂ ಸೋಲಿಸಬೇಕು. ಆಗ ತಾನೇ ಸ್ವಾತಂತ್ರ್ಯ ಪಡೆದ ದೇಶಗಳಿಗೆ ಅಷ್ಟೆಲ್ಲ ಓಡಾಟದ ಖರ್ಚೇ ದೊಡ್ಡ ಹೊರೆ. ಘಾನಾದ ಕ್ರೀಡಾ ಮುಖ್ಯಸ್ಥ ಓಹೆನೆ ಜಾನ್ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾಗೆ ತಂತಿ ಕಳಿಸಿದರು: ಆಫ್ರಿಕಾಕ್ಕೆ ಕಡೇಪಕ್ಷ ಒಂದು ಜಾಗವಾದರೂ ಕೊಡಿ. ಕೇಳಿದ್ದು ಅಷ್ಟೇ. ಇಥಿಯೋಪಿಯಾದ ಫುಟ್‌ಬಾಲ್ ಮುಖಂಡ ಯಿದ್ನೆಕಚೆವ್ ಟೆಸ್ಸೆಮಾ ಕೂಡ ಪಟ್ಟು ಹಿಡಿದು ನಿಂತರು.

ಇನ್ನೊಂದು ಸಿಟ್ಟೂ ಇತ್ತು. ವರ್ಣಭೇದದ ದಕ್ಷಿಣ ಆಫ್ರಿಕಾವನ್ನು ಫಿಫಾ 1963ರಲ್ಲಿ ಮತ್ತೆ ಒಳಗೆ ಬಿಟ್ಟುಕೊಂಡಿತ್ತು. 1964ರಲ್ಲಿ ಅದನ್ನು ಅಮಾನತು ಮಾಡಿದರೂ ಜಾಗದ ವಿಷಯದಲ್ಲಿ ಮಾತ್ರ ಒಂದಿಂಚೂ ಕದಲಲಿಲ್ಲ. ಹಿಂದೆ ಸರಿದವರಿಗೆ ದಂಡವನ್ನೂ ಹಾಕಿತು.

ಆ ಒಂದು ಜಾಗ ಹೋಗಿದ್ದು ಉತ್ತರ ಕೊರಿಯಾಕ್ಕೆ. ಅವರು ಇಟಲಿಯನ್ನೇ 1-0ಯಿಂದ ಮನೆಗೆ ಕಳಿಸಿದರು. ಕ್ವಾರ್ಟರ್ ಫೈನಲ್‌ನಲ್ಲಿ ಪೋರ್ಚುಗಲ್ ವಿರುದ್ಧ 3-0 ಮುಂದಿದ್ದರು, ಕೊನೆಗೆ 5-3ರಿಂದ ಸೋತರು. ಅವತ್ತು 4 ಗೋಲು ಹೊಡೆದ ಯುಸೆಬಿಯೊ ಹುಟ್ಟಿದ್ದು ಮೊಜಾಂಬಿಕ್‌ನಲ್ಲಿ. ಅದು ಆಗ ಪೋರ್ಚುಗಲ್ಲಿನ ವಸಾಹತು. ಆಫ್ರಿಕಾದ ತಂಡಗಳಿಗೆ ಜಾಗವಿಲ್ಲದ ಆ ಕಪ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವನು ಆಫ್ರಿಕಾದಲ್ಲಿ ಹುಟ್ಟಿದವನೇ. ನನಗೆ ಇದನ್ನು ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಆದರೆ ಹಟ ಗೆದ್ದಿತು. 1970ರಿಂದ ಆಫ್ರಿಕಾಕ್ಕೆ ಅದರದ್ದೇ ಒಂದು ಜಾಗ ಸಿಕ್ಕಿತು. ಮೆಕ್ಸಿಕೋಗೆ ಮೊರಾಕೊ ಹೋಯಿತು. ಅದೇ ಮೊರಾಕೊ 2022ರಲ್ಲಿ ಸೆಮಿಫೈನಲ್ ಆಡಿತು.

ಎಲ್ಲ ಬಹಿಷ್ಕಾರಕ್ಕೂ ಹೀಗೆ ಫಲ ಸಿಗುವುದಿಲ್ಲ. 1973ರಲ್ಲಿ ಚಿಲಿಯ ಸೇನಾಡಳಿತ ಸ್ಯಾಂಟಿಯಾಗೊದ ಸ್ಟೇಡಿಯಂನಲ್ಲಿ ಕೈದಿಗಳನ್ನು ಕೂಡಿಹಾಕಿತ್ತು. ವಿಶ್ವಕಪ್ ಅರ್ಹತಾ ಪಂದ್ಯ ಅಲ್ಲಿ ಆಡಲ್ಲ ಎಂದಿತು ಸೋವಿಯತ್ ಒಕ್ಕೂಟ. ಚಿಲಿ ಆಟಗಾರರು ಎದುರಾಳಿಯೇ ಇಲ್ಲದ ಮೈದಾನದಲ್ಲಿ ಖಾಲಿ ಗೋಲಿಗೆ ಚೆಂಡು ಒದ್ದು ವಿಶ್ವಕಪ್‌ಗೆ ಹೋದರು. ಸೋವಿಯತ್ ಒಂಟಿಯಾಗಿತ್ತು. ಆಫ್ರಿಕಾ ಮಾತ್ರ ಇಡೀ ಖಂಡವಾಗಿ ನಿಂತಿತ್ತು, ಕೇಳಿದ್ದೂ ಸ್ಪಷ್ಟವಾಗಿತ್ತು. ವ್ಯತ್ಯಾಸ ಇರುವುದು ಅಲ್ಲೇ ಅನ್ನುವುದು ನನ್ನ ಅಭಿಪ್ರಾಯ.

ಬೆಲೆ ತೆತ್ತವರು ಆಟಗಾರರು. 1963 ಮತ್ತು 1965ರಲ್ಲಿ ಆಫ್ರಿಕಾದ ಚಾಂಪಿಯನ್ ಆಗಿದ್ದದ್ದು ಘಾನಾ. ಅವರ ಒಸೆಯ್ ಕೋಫಿ ಅಂಥವರು ವಿಶ್ವಕಪ್ ಆಡಲೇ ಇಲ್ಲ. ಘಾನಾಕ್ಕೆ ಮೊದಲ ವಿಶ್ವಕಪ್ ಸಿಕ್ಕಿದ್ದು 2006ರಲ್ಲಿ.