ಧ್ಯಾನದ ಆ ಅರ್ಧ ಗಂಟೆ ಅತ್ತೆಯ ಕೋಣೆಯಲ್ಲಿ ಯಾರಿದ್ದರು?

ಮನೆಯಲ್ಲಿ ಹಾಸಿಗೆ ಹಿಡಿದವರ ಆರೈಕೆ ಮಾಡುತ್ತಿರುವ ಹೆಣ್ಣುಮಗಳನ್ನು "ಇವಳ ಮನಸ್ಸು ಸ್ವಲ್ಪ ಸರಿ ಮಾಡಿಕೊಡಿ" ಎಂದು ಮನೆಯವರೇ ಕರೆತರುವ ಪ್ರಕರಣಗಳು ಆಪ್ತ ಸಮಾಲೋಚಕಿಯಾದ ನನ್ನ ಬಳಿಗೆ ಮತ್ತೆ ಮತ್ತೆ ಬರುತ್ತವೆ. ಊರು, ಸಂಬಳ, ಓದು ಬೇರೆಯಾದರೂ ದೂರು ಮಾತ್ರ ಒಂದೇ: ಮೊದಲು ಹೀಗಿರಲಿಲ್ಲ, ಈಗ ಎಲ್ಲದಕ್ಕೂ ರೇಗುತ್ತಾಳೆ, ತಾಳ್ಮೆ ಹೇಳಿಕೊಡಿ. ಅಂಥದ್ದೊಂದು ಪ್ರಕರಣವನ್ನು, ಕುಟುಂಬದವರ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಕೊಟ್ಟ ಸಲಹೆ ಆ ಮನೆಯ ಕೆಲವು ಬಂಧುಗಳಿಗೆ ಹಿಡಿಸಲಿಲ್ಲ. ಅದನ್ನು ಯಾಕೆ ಕೊಟ್ಟೆ ಎಂದು ವಿವರಿಸುವುದೇ ಈ ಬರಹದ ಮುಖ್ಯ ಉದ್ದೇಶ.

ಆಕೆ ಮಧ್ಯ ಕರ್ನಾಟಕದ ತಾಲ್ಲೂಕು ಕೇಂದ್ರವೊಂದರ ಪ್ರೌಢಶಾಲಾ ಶಿಕ್ಷಕಿ, ವಯಸ್ಸು ನಲವತ್ತೈದರ ಆಸುಪಾಸು. ಗಂಡ ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ. ಮಗಳು ದ್ವಿತೀಯ ಪಿಯುಸಿ. ಮೈದುನ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಅತ್ತೆಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿವೆ, ಮಾತು ಹೋಗಿದೆ, ಆದರೆ ಹೇಳಿದ್ದು ಅರ್ಥವಾಗುತ್ತದೆ. ಹಗಲು ಹೊತ್ತಿನಲ್ಲಿ ನೋಡಿಕೊಳ್ಳಲು ಸಂಬಳಕ್ಕೆ ಒಬ್ಬ ಹೆಂಗಸು ಬರುತ್ತಾರೆ. ಬೆಳಗಿನ ಜಾವ, ಸಂಜೆ ಮತ್ತು ರಾತ್ರಿ ಸೊಸೆಯ ಪಾಲು.

ಆಕೆ ನನ್ನಲ್ಲಿಗೆ ಬರಲು ಕಾರಣವಾದದ್ದು ಒಂದು ರಾತ್ರಿಯ ಊಟ. ಗಂಜಿ ಕುಡಿಸುವಾಗ ಅತ್ತೆ ಎರಡು ಸಲ ಉಗುಳಿದರು. ಮೂರನೆಯ ಚಮಚವನ್ನು ಆಕೆ ಒತ್ತಿ ಬಾಯಿಗಿಟ್ಟರು, ಚಮಚದ ಅಂಚು ತಾಗಿ ಕೆಳತುಟಿ ಒಡೆದು ರಕ್ತ ಬಂತು. ಮುದುಕಿ ಅಳಲಿಲ್ಲ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. "ನನ್ನ ಕೈ ನನ್ನ ಮಾತು ಕೇಳಲಿಲ್ಲ ಮೇಡಂ, ನಾಳೆ ಕುತ್ತಿಗೆಗೆ ಹಾಕಿದರೆ?" ಎಂದು ಈಕೆ ಕೇಳಿದರು. ಆ ಭಯ ನಿಜವಾದದ್ದಾಗಿತ್ತು. ಅದನ್ನು "ಹಾಗೆಲ್ಲ ಆಗಲ್ಲ ಬಿಡಿ" ಎಂದು ನಾನು ತಳ್ಳಿಹಾಕಲಿಲ್ಲ. ಮಾತು ಬಾರದ, ಮೈ ಅಲ್ಲಾಡಿಸಲಾಗದ ಜೀವಕ್ಕೆ ನೋವಾಗಿದೆ, ಅದು ತಪ್ಪು ಎಂದು ನೇರವಾಗಿಯೇ ಹೇಳಿದೆ. ತಪ್ಪನ್ನು ತಪ್ಪೆಂದು ಒಪ್ಪಿಕೊಂಡ ಮೇಲೆಯೇ ಅದು ಮತ್ತೆ ಆಗದಂತೆ ಏನು ಮಾಡಬೇಕು ಎಂಬ ಮಾತಿಗೆ ಬರಲು ಸಾಧ್ಯ. ಬರೀ ಸಮಾಧಾನ ಹೇಳಿ ಕಳಿಸಿದರೆ ಮುಂದಿನ ರಾತ್ರಿ ಅದೇ ಚಮಚ, ಅದೇ ಕೈ.

ಮೊದಲ ಭೇಟಿಯಲ್ಲಿ ಇಂಥವರನ್ನು ಕೇಳಲೇಬೇಕಾದದ್ದನ್ನು ಕೇಳಿದೆ: ನಿದ್ದೆ, ಹಸಿವು, ಮುಟ್ಟಿನ ಏರುಪೇರು, ಥೈರಾಯ್ಡ್ ಪರೀಕ್ಷೆ ಮಾಡಿಸಿ ಎಷ್ಟು ಕಾಲವಾಯಿತು, ಸತ್ತುಹೋಗಬೇಕು ಎಂದು ಅನ್ನಿಸಿದ್ದುಂಟೇ. ಕೊನೆಯ ಪ್ರಶ್ನೆಯನ್ನು ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ಅನೇಕರು ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಿದರೆ ಜನ ನಿರಾಳವಾಗುವುದೇ ಹೆಚ್ಚು. ಆಕೆಯ ಉತ್ತರ ಹೀಗಿತ್ತು: "ಸಾಯಬೇಕು ಅನ್ನಿಸಿಲ್ಲ. ಯಾರೂ ಕರೆಯದ ಕಡೆ ಒಂದು ವಾರ ಮಲಗಬೇಕು ಅನ್ನಿಸಿದೆ." ಖಿನ್ನತೆಯ ಲಕ್ಷಣಗಳಿದ್ದುದರಿಂದ ಮನೋವೈದ್ಯರನ್ನೂ ಒಮ್ಮೆ ಕಾಣಲು ಸೂಚಿಸಿದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುವ ವ್ಯವಸ್ಥೆ ಇದೆ ಎಂಬುದು ಮೇಷ್ಟರುಗಳಿಗೂ ಗೊತ್ತಿರುವುದಿಲ್ಲ.

ಎರಡನೆಯ ಭೇಟಿಗೆ ಗಂಡನೂ ಬರಬೇಕೆಂದು ಹೇಳಿದ್ದೆ. ಅವರು ಬಂದರು, ಒಳ್ಳೆಯ ಮನುಷ್ಯ, ಕುಡಿತವಿಲ್ಲ, ಹೆಂಡತಿಯ ಬಗ್ಗೆ ಕಾಳಜಿ ಇದೆ. ಕುಳಿತ ಕೂಡಲೇ, "ಇವಳಿಗೆ ಸ್ವಲ್ಪ ಮನಸ್ಸು ಗಟ್ಟಿ ಮಾಡಿಕೊಳ್ಳೋ ಹಾಗೆ ಹೇಳಿ ಮೇಡಂ. ನಾನೇ ಫೋನಿನಲ್ಲಿ ಧ್ಯಾನದ ಆ್ಯಪ್ ಹಾಕಿಕೊಟ್ಟಿದ್ದೀನಿ, ದುಡ್ಡು ಕಟ್ಟಿ" ಎಂದರು. ನಾನು ಇಬ್ಬರಿಗೂ ಒಂದೊಂದು ಬಿಳಿ ಹಾಳೆ ಕೊಟ್ಟು, ಅಮ್ಮನ ನಿನ್ನೆಯ ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ಬರೆಯಿರಿ ಎಂದೆ. ಅವರ ಹಾಳೆಯಲ್ಲಿ ನಾಲ್ಕು ಸಾಲುಗಳಿದ್ದವು: ತಿಂಡಿ, ಮಾತ್ರೆ, ಮಧ್ಯಾಹ್ನ ಊಟ, ರಾತ್ರಿ ಊಟ. ಈಕೆ ಹಾಳೆಯ ಎರಡೂ ಬದಿ ತುಂಬಿಸಿದ್ದರು. ಮಗ್ಗುಲು ಬದಲಿಸಿದ್ದು, ಡೈಪರ್, ಬೆನ್ನಿಗೆ ಪೌಡರ್, ಏರ್ ಬೆಡ್ಡಿನ ಪಂಪು ನಿಂತದ್ದು, ಬಿ.ಪಿ. ಮಾತ್ರೆಯನ್ನು ಪುಡಿ ಮಾಡಿದ್ದು, ರಾತ್ರಿ ಎರಡು ಗಂಟೆಗೆ ಮತ್ತೆ ಮಗ್ಗುಲು, ನಾಲ್ಕಕ್ಕೆ ಮತ್ತೆ. ಲಕ್ವ ಹೊಡೆದು ಮಲಗಿದವರಿಗೆ ಹಾಸಿಗೆ ಹುಣ್ಣು ಆಗದಂತೆ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ವೈದ್ಯರು ಹೇಳುತ್ತಾರೆ. ಈಕೆ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಅಂದರೆ ತಿಂಗಳುಗಟ್ಟಲೆ ಒಟ್ಟಾಗಿ ಮೂರು ಗಂಟೆ ನಿದ್ದೆ ಮಾಡಿರಲಿಲ್ಲ.

ಗಂಡ ಹೆಂಡತಿಯ ಹಾಳೆಯನ್ನು ಓದಿ ಸುಮ್ಮನಾದರು. ಆಗ ಈಕೆ, ಯಾರ ಮೇಲೂ ದೂರು ಹೇಳುವ ದನಿಯಲ್ಲಲ್ಲದೆ, ತನ್ನದೇ ಸೋಲು ಒಪ್ಪಿಸುವಂತೆ ಹೇಳಿದರು: "ಧ್ಯಾನವೂ ನನಗೆ ಬರಲಿಲ್ಲ ಮೇಡಂ. ನಾಲ್ಕೂವರೆಗೆ ಏಳ್ತೀನಿ, ಆ್ಯಪ್ ಹಾಕಿ ಕಣ್ಣು ಮುಚ್ಚಿ ಕೂತ್ಕೋತೀನಿ. ಕಿವಿ ಆ ಕೋಣೆಯಲ್ಲೇ ಇರುತ್ತೆ. ಕೆಮ್ಮಿದರಾ, ಒದ್ದೆ ಆಯ್ತಾ, ಕಾಲು ಕಂಬಿಗೆ ಸಿಕ್ಕಿಕೊಂಡಿತಾ ಅಂತ. ನಡುವೆ ಎದ್ದು ಹೋಗಿ ಬಂದರೆ ಆ್ಯಪ್‌ನಲ್ಲಿ ಆ ದಿನ ಲೆಕ್ಕಕ್ಕೇ ಬರಲ್ಲ. ನೆಮ್ಮದಿಯಾಗಿ ಇರೋಕೂ ನನಗೆ ಯೋಗ್ಯತೆ ಇಲ್ಲ ಅನ್ಸುತ್ತೆ."

ನಾನು ಗಂಡನನ್ನು ಕೇಳಿದೆ: "ಆ ಅರ್ಧ ಗಂಟೆ ನೀವು ಎಲ್ಲಿರುತ್ತೀರಿ?"

"ಮಲಗಿರ್ತೀನಿ" ಎಂದರು. ಅದರಲ್ಲಿ ಕಪಟವಿರಲಿಲ್ಲ. ಹೇಳಿದ ಮೇಲೆ ಆ ಮಾತು ಅವರ ಕಿವಿಗೇ ಬೇರೆಯಾಗಿ ಕೇಳಿಸಿರಬೇಕು, "ನಾನು ಎದ್ದು ಅಮ್ಮನ ಹತ್ತಿರ ಕೂತರೆ ಇವಳಿಗೆ ಕೂರೋಕೆ ಆಗುತ್ತೆ ಅಂತೀರಾ?" ಎಂದು ಕೇಳಿದರು. ಕೂರುವುದು ಬೇಡ, ಆ ಹೊತ್ತಿನಲ್ಲಿ ಆಕೆ ಮಲಗಿರಲಿ ಎಂದೆ.

ಇಲ್ಲಿ ನನ್ನ ನಿಲುವನ್ನು ಬಿಡಿಸಿ ಹೇಳಬೇಕು. ಪ್ರಾಣಾಯಾಮ, ಧ್ಯಾನ, ಯೋಗಕ್ಕೆ ನಾನು ವಿರೋಧಿಯಲ್ಲ; ಉಸಿರನ್ನು ಒಳಗೆ ತೆಗೆದುಕೊಳ್ಳುವುದಕ್ಕಿಂತ ನಿಧಾನವಾಗಿ, ದೀರ್ಘವಾಗಿ ಬಿಟ್ಟಾಗ ಎದೆಬಡಿತ ಇಳಿಯುತ್ತದೆ ಎಂಬುದನ್ನು ನಾನೇ ದಿನವೂ ಕಲಿಸುತ್ತೇನೆ. ಆದರೆ ಒತ್ತಡ ಎಲ್ಲಿಂದ ಬರುತ್ತಿದೆ ಎಂದು ನೋಡದೆ, ಅದನ್ನು ಹೊತ್ತವರಿಗೇ ಶಾಂತವಾಗಿರುವ ಇನ್ನೊಂದು ಕೆಲಸವನ್ನು ಹೊರಿಸುವುದು ಸೋರುವ ಸೂರಿನ ಕೆಳಗೆ ನೆಲ ಒರೆಸುತ್ತಾ ಕೂತಂತೆ. ನಿದ್ದೆಗೆಟ್ಟ ಮಿದುಳಿಗೆ ಕೋಪವನ್ನು ತಡೆಹಿಡಿಯುವ ಶಕ್ತಿ ಕುಂದುತ್ತದೆ. ಅದು ಸ್ವಭಾವದ ದೋಷವಲ್ಲ, ಯಾರಿಗಾದರೂ ಹಾಗೆಯೇ ಆಗುತ್ತದೆ. ಹೀಗಿರುವಾಗ ನಾಲ್ಕೂವರೆಗೆ ಎದ್ದು ಧ್ಯಾನ ಮಾಡುವುದಕ್ಕಿಂತ ಆರರವರೆಗೆ ಮಲಗುವುದೇ ಒಳ್ಳೆಯ ಮದ್ದು. "ಕೌನ್ಸೆಲಿಂಗ್‌ಗೆ ಹೋದರೆ ಹೆಂಡತಿಯ ಪರ ಮಾತಾಡಿ ಕಳಿಸುತ್ತಾರೆ" ಎಂದು ಆ ಮನೆಯ ಹಿರಿಯ ನಾದಿನಿಯೊಬ್ಬರು ಹೇಳಿದರಂತೆ. ನಾನು ಪರ ವಹಿಸಿದ್ದು ಮುದುಕಿಯದ್ದು. ಒಡೆದ ತುಟಿ ಅವರದ್ದು, ದಣಿದ ಕೈಯಿಂದ ಅವರನ್ನು ಕಾಪಾಡಬೇಕಾದರೆ ಮನೆಯಲ್ಲಿ ಇನ್ನೊಂದು ಕೈ ಬೇಕೇ ಬೇಕು.

ಕೊಟ್ಟ ಸಲಹೆಗಳಲ್ಲಿ ನನಗೆ ಅತಿ ಮುಖ್ಯವೆನಿಸಿದ್ದು ಉಗುಳುವುದರ ವಿಷಯ. "ಬೇಕಂತಲೇ ಉಗುಳ್ತಾರೆ, ಕೆಲಸದವಳ ಕೈಯಲ್ಲಿ ಉಗುಳಲ್ಲ" ಎಂಬುದು ಈಕೆಯ ನಂಬಿಕೆಯಾಗಿತ್ತು, ಕೋಪದ ಅರ್ಧ ಭಾಗ ಅಲ್ಲಿಯೇ ಇತ್ತು. ಲಕ್ವ ಹೊಡೆದ ಅನೇಕರಲ್ಲಿ ನುಂಗುವ ಸ್ನಾಯುಗಳೂ ದುರ್ಬಲವಾಗುತ್ತವೆ. ಸ್ವಾಧೀನವಿಲ್ಲದ ಕಡೆಯ ಕೆನ್ನೆಯಲ್ಲಿ ಅನ್ನ ಉಳಿದುಬಿಡುತ್ತದೆ, ನೀರಿನಂತೆ ತೆಳ್ಳಗಿರುವುದು ಅನ್ನನಾಳಕ್ಕೆ ಹೋಗುವ ಬದಲು ಶ್ವಾಸನಾಳದ ಕಡೆ ಜಾರುವ ಅಪಾಯವಿರುತ್ತದೆ, ಆಗ ಉಗುಳುವುದು ಅವರ ದೇಹ ತನ್ನನ್ನು ತಾನು ಉಳಿಸಿಕೊಳ್ಳುವ ದಾರಿ. ಹಗಲಿನಲ್ಲಿ ಬರುವ ಹೆಂಗಸು ಒರಗಿಸಿ ಕೂರಿಸಿ, ಅವಸರವಿಲ್ಲದೆ ಗಟ್ಟಿ ಮುದ್ದೆಯನ್ನು ಸಾರಿನಲ್ಲಿ ನಾದಿ ತಿನ್ನಿಸುತ್ತಿದ್ದರು. ಈಕೆ ರಾತ್ರಿ ಒಂಬತ್ತೂವರೆಗೆ, ಅರೆ ಮಲಗಿದ ಭಂಗಿಯಲ್ಲಿ, ತೆಳು ಗಂಜಿ ಕುಡಿಸುತ್ತಿದ್ದರು. ವ್ಯತ್ಯಾಸ ಇದ್ದದ್ದು ಅಷ್ಟೇ. ನುಂಗುವ ತೊಂದರೆಯನ್ನು ಪರೀಕ್ಷಿಸಿ, ಯಾವ ಹದದ ಆಹಾರ ಕೊಡಬೇಕೆಂದು ಹೇಳುವವರು ವಾಕ್ ಚಿಕಿತ್ಸಕರು. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಜನ ಕಿವಿ ಕೇಳದ ಮಕ್ಕಳಿಗೆ ಮಾತ್ರ ಎಂದುಕೊಂಡಿದ್ದಾರೆ. ನುಂಗುವ ತೊಂದರೆಯೂ ವಾಕ್ ಚಿಕಿತ್ಸೆಯ ವ್ಯಾಪ್ತಿಯಲ್ಲೇ ಬರುತ್ತದೆ. ಇವರು ಜಿಲ್ಲಾ ಕೇಂದ್ರದಲ್ಲಿಯೇ ಒಬ್ಬ ಚಿಕಿತ್ಸಕರನ್ನು ಕಂಡರು. ಗಂಜಿ ಗಟ್ಟಿಯಾಯಿತು, ಊಟ ಏಳು ಗಂಟೆಗೆ ಬಂತು, ಚಮಚ ಚಿಕ್ಕದಾಯಿತು. ಅತ್ತೆ ಹಟಮಾರಿಯಲ್ಲ ಎಂದು ತಿಳಿದ ದಿನವೇ ಈಕೆಯ ಕೋಪಕ್ಕೆ ಇಂಬು ಕಡಿಮೆಯಾಯಿತು. ಭಾವನೆಯನ್ನು ಅದುಮಿಡಿ ಎಂದು ನಾನು ಹೇಳಿರಲೇ ಇಲ್ಲ.

ಆದರೂ ಸಿಟ್ಟು ಬರುವ ದಿನಗಳು ಇರುತ್ತವೆ. ಅದಕ್ಕೊಂದು ಕಟ್ಟುನಿಟ್ಟಿನ ನಿಯಮ ಮಾಡಿದೆವು: ದವಡೆ ಬಿಗಿಯಿತು ಎಂದು ಗೊತ್ತಾದ ಕ್ಷಣ ಚಮಚ ಬಟ್ಟಲಿಗೆ ಹೋಗಬೇಕು. ಅತ್ತೆಯ ಬಾಯಲ್ಲಿ ಏನೂ ಉಳಿದಿಲ್ಲವೆಂದು ನೋಡಿ, ಮಂಚದ ಕಂಬಿ ಏರಿಸಿ, "ಈಗ ಬರ್ತೀನಿ ಅತ್ತೆ" ಎಂದು ಹೇಳಿ ಹೊರಗೆ ಬರಬೇಕು, ಉಳಿದ ಊಟ ಮನೆಯಲ್ಲಿರುವ ಇನ್ನೊಬ್ಬರದ್ದು. ಹತ್ತರವರೆಗೆ ಎಣಿಸಿ ಮತ್ತೆ ಚಮಚ ಹಿಡಿಯುವುದು ಸಾಲದು. ಏರಿದ ಎದೆಬಡಿತ ಪೂರ್ತಿ ಇಳಿಯಲು ಕೆಲವರಿಗೆ 20 ನಿಮಿಷವಾದರೂ ಬೇಕು. ಆ ಹೊತ್ತಿನಲ್ಲಿ ದಿಂಬಿಗೆ ಗುದ್ದಿ, ಪಾತ್ರೆ ಕುಕ್ಕಿ ಸಿಟ್ಟು "ಹೊರಹಾಕುವುದು" ಬೇಡ ಎಂದೂ ಹೇಳಿದೆ. ಹಾಗೆ ಮಾಡಿದರೆ ಸಿಟ್ಟು ಇಳಿಯುವ ಬದಲು ಕುದಿಯುತ್ತಲೇ ಇರುತ್ತದೆ.

ಕೆಲಸ ಹಂಚುವಾಗ ಒಂದು ತೊಡಕು ಬಂತು. ಡೈಪರ್ ಬದಲಿಸುವುದನ್ನು ಗಂಡುಮಗ ಹೇಗೆ ಮಾಡುವುದು ಎಂದು ಗಂಡ ಕೇಳಿದರು. ಇದು ನೆಪವಾಗಿರಬಹುದು, ಆಗಿರದೆಯೂ ಇರಬಹುದು. ಆದರೆ ತೀರ್ಮಾನಿಸಬೇಕಾದವರು ನಾವಲ್ಲ, ಅಮ್ಮನನ್ನು ಕೇಳಿ ಎಂದೆ. ಅದುವರೆಗೆ ಅವರನ್ನು ಯಾರೂ ಯಾವುದನ್ನೂ ಕೇಳಿರಲಿಲ್ಲ. ಮಗ ಕೇಳಿದಾಗ ಅವರು ತಲೆಯಾಡಿಸಿ ಬೇಡವೆಂದರು, ಸೊಸೆಯ ಕಡೆ ನೋಡಿದರು. ಹಾಗಾಗಿ ಹಗಲಿನ ಹೆಂಗಸು ಬೆಳಿಗ್ಗೆ ಎರಡು ಗಂಟೆ ಮೊದಲೇ ಬರುವಂತಾಯಿತು, ಹೆಚ್ಚಿನ ಸಂಬಳ ಮೈದುನನದ್ದು. ಮಾತ್ರೆ, ರಾತ್ರಿಯ ಊಟ, ರಾತ್ರಿ ಎರಡು ಮತ್ತು ನಾಲ್ಕು ಗಂಟೆಯ ಮಗ್ಗುಲು ಗಂಡನ ಪೂರ್ತಿ ಜವಾಬ್ದಾರಿ, ಹೆಂಡತಿ ನೆನಪಿಸುವಂತಿಲ್ಲ. ಮೊದಲ ವಾರ ಅವರು ಅಲಾರಂ ಆಫ್ ಮಾಡಿ ಮಲಗಿದ್ದೂ ಉಂಟು. ಎಬ್ಬಿಸಿ, ಆದರೆ ನೀವು ಎದ್ದು ಹೋಗಬೇಡಿ ಎಂದು ಈಕೆಗೆ ಹೇಳಿದ್ದೆ. ಪಾಲಿಸಲು ಈಕೆಗೆ ಅತಿ ಕಷ್ಟವಾದ ಸಲಹೆ ಅದೇ ಆಗಿತ್ತಂತೆ.

ಮಗಳನ್ನು ನಾನು ಉದ್ದೇಶಪೂರ್ವಕವಾಗಿ ಈ ಪಟ್ಟಿಯಿಂದ ಹೊರಗಿಟ್ಟೆ. ಪರೀಕ್ಷೆಯ ವರ್ಷವೆಂಬುದು ಒಂದು ಕಾರಣ. ಈ ಕೆಲಸ ಅಮ್ಮನಿಂದ ಅಪ್ಪನಿಗೆ ಬರುವ ಬದಲು ಮಗಳ ತಲೆಗೆ ಇಳಿಯುವುದನ್ನು ಬೇರೆ ಮನೆಗಳಲ್ಲಿ ನೋಡಿದ್ದೇನೆ ಎಂಬುದು ದೊಡ್ಡ ಕಾರಣ. ಅಜ್ಜಿಯ ಪಕ್ಕ ಕೂತು ಓದಿಕೊಳ್ಳುವುದಾದರೆ ಅದು ಅವಳಿಷ್ಟ.

ಎಲ್ಲವೂ ಸರಿಹೋಯಿತು ಎಂದು ಬರೆಯಲಾರೆ. ತಿಂಗಳಿಗೊಂದು ಶನಿವಾರ, ಭಾನುವಾರ ಬಂದು ಅಣ್ಣ ಅತ್ತಿಗೆಗೆ ಬಿಡುವು ಕೊಡಬೇಕೆಂದು ಒಪ್ಪಿದ್ದ ಮೈದುನ ಎರಡು ತಿಂಗಳು ಬಂದು ಆಮೇಲೆ ಬಿಟ್ಟರು. ದಿನವೂ ಫೋನ್ ಮಾಡಿ "ಅತ್ತಿಗೆ ಇದ್ದಾರಲ್ಲ, ನಮಗೆ ಚಿಂತೆಯಿಲ್ಲ" ಎನ್ನುವುದು ಮುಂದುವರಿದಿದೆ. ಈಕೆಯ ಖಿನ್ನತೆಗೆ ವೈದ್ಯರು ಮಾತ್ರೆ ಕೊಟ್ಟಿದ್ದಾರೆ, ನಿದ್ದೆ ಐದು ಗಂಟೆಗೆ ಬಂದಿದೆ. ಧ್ಯಾನವನ್ನು ಈಗ ಶಾಲೆಯ ಬಿಡುವಿನಲ್ಲಿ, ಆ್ಯಪ್ ಇಲ್ಲದೆ ಮಾಡುತ್ತಾರೆ.

ಇಂಥ ಸ್ಥಿತಿಯಲ್ಲಿರುವವರು, ಕೈ ಮೀರುವ ಮೊದಲು, ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು. ಹಿರಿಯರ ಆರೈಕೆಯ ಮಾಹಿತಿಗೆ, ಅಥವಾ ಹಿರಿಯರೊಬ್ಬರಿಗೆ ಮನೆಯಲ್ಲಿ ಹಿಂಸೆಯಾಗುತ್ತಿದ್ದರೆ, 14567 ಇದೆ. ಕರೆ ಮಾಡುವಾಗ ಗಂಡನೋ ಮಗನೋ ಪಕ್ಕದಲ್ಲಿ ಕೂತಿದ್ದರೆ ಇನ್ನೂ ಒಳ್ಳೆಯದು. ಅವರ ಹೆಸರಿನಲ್ಲೂ ಒಂದಷ್ಟು ಕೆಲಸ ಬರೆಸಿಕೊಳ್ಳುವುದು ಇರುತ್ತದೆ.