ನೋವು ಬರಿಸಿದವರೇ ನೋವು ತಡೆದದ್ದೇಕೆ?

ಪ್ರಶ್ನೆ: ಹೆರಿಗೆಗೆಂದು ದಾಖಲಾದ ನನ್ನ ತಂಗಿಗೆ ನೋವು ಬರಲು ಡ್ರಿಪ್ ಹಾಕಿದ್ದರು. ಮಗುವಿನ ಎದೆಬಡಿತ ಇಳಿಯಿತೆಂದು ಅದನ್ನು ತಟ್ಟನೆ ನಿಲ್ಲಿಸಿ, ತೋಳಿಗೆ ಟರ್ಬುಟಲಿನ್ ಇಂಜೆಕ್ಷನ್ ಕೊಟ್ಟು ನೋವು ತಡೆದರು. ಅವಳ ಎದೆ ಡವಡವ ಎಂದಿತು, ಕೈ ನಡುಗಿತು. ಆಮೇಲೆ ಸಿಸೇರಿಯನ್ ಆಯಿತು. ಇಬ್ಬರೂ ಚೆನ್ನಾಗಿದ್ದಾರೆ. ಆದರೂ ಕೇಳುತ್ತೇನೆ, ಎಲ್ಲೋ ಎಡವಟ್ಟಾಗಿತ್ತೇ?
— ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ನೀವು ಬರೆದಷ್ಟರಲ್ಲಿ ಎಡವಟ್ಟು ಕಾಣುವುದಿಲ್ಲ. ಹೊತ್ತಿಗೆ ಸರಿಯಾಗಿ ಮಾಡಿದ ಕೆಲಸ ಕಾಣುತ್ತದೆ.

ಗರ್ಭಕೋಶ ಬಿಗಿದಾಗ, ಮಗುವಿಗೆ ಆಮ್ಲಜನಕ ಒದಗಿಸುವ ಮಾಸಿಗೆ (ಪ್ಲಾಸೆಂಟಾ) ರಕ್ತ ಒಯ್ಯುವ ನಾಳಗಳು ಅದುಮಿಕೊಳ್ಳುತ್ತವೆ. ಎರಡು ನೋವುಗಳ ನಡುವಿನ ಬಿಡುವಿನಲ್ಲೇ ಮಗು ಚೇತರಿಸಿಕೊಳ್ಳುವುದು. 10 ನಿಮಿಷಕ್ಕೆ 5ಕ್ಕಿಂತ ಹೆಚ್ಚು ನೋವು ಬರತೊಡಗಿದರೆ ಆ ಬಿಡುವು ಸಾಲದು. ಆಗ ಮೊದಲು ನೋವು ಬರಿಸುವ ಆಕ್ಸಿಟೋಸಿನ್ ಡ್ರಿಪ್ ನಿಲ್ಲಿಸಿ ತಾಯಿಯನ್ನು ಎಡಮಗ್ಗುಲಿಗೆ ಹೊರಳಿಸುತ್ತಾರೆ. ಡ್ರಿಪ್ ನಿಂತರೂ ಅದರ ಪ್ರಭಾವ ಇಳಿಯಲು ಕೆಲವು ನಿಮಿಷ ಬೇಕು. ಅಷ್ಟು ಕಾಯಲಾಗದಿದ್ದರೆ ಚರ್ಮದಡಿಗೆ 0.25 ಮಿಲಿಗ್ರಾಂ ಟರ್ಬುಟಲಿನ್ ಕೊಡುತ್ತಾರೆ. ಇದು ಮೂಲತಃ ಆಸ್ತಮಾದ ಔಷಧ. ಶ್ವಾಸನಾಳವನ್ನು ಸಡಿಲಿಸುವಂತೆಯೇ ಗರ್ಭಕೋಶದ ಸ್ನಾಯುವನ್ನೂ ಸಡಿಲಿಸುತ್ತದೆ, ಜೊತೆಗೆ ಹೃದಯವನ್ನೂ ಓಡಿಸುತ್ತದೆ. ನಿಮ್ಮ ತಂಗಿಯ ಡವಡವ, ನಡುಕಗಳು ಅಲ್ಲಿಂದ ಬಂದವು, ಔಷಧದೊಡನೆ ಇಳಿದುಹೋಗುತ್ತವೆ. ಆದರೆ ಹೃದ್ರೋಗವಿದ್ದವರಿಗೆ ಇದು ಅಪಾಯಕಾರಿ. ಆ ವಿಷಯವನ್ನು ದಾಖಲಾಗುವಾಗಲೇ ಹೇಳಿಬಿಡಬೇಕು.

ಇನ್ನೂ ಬೇಗ ಬೇಕಾದಾಗ ನೈಟ್ರೋಗ್ಲಿಸರಿನ್ ಇದೆ, ಎದೆನೋವಿನವರು ನಾಲಿಗೆಯಡಿ ಇಟ್ಟುಕೊಳ್ಳುವ ಔಷಧವೇ. ಕಾಲು ಮೊದಲು ಬಂದ ಮಗುವಿನ ತಲೆ ಸಿಕ್ಕಿಕೊಂಡಾಗ, ಹೆರಿಗೆಯ ನಂತರ ಗರ್ಭಕೋಶವೇ ಒಳಹೊರಗಾದಾಗ 50ರಿಂದ 100 ಮೈಕ್ರೋಗ್ರಾಂ ರಕ್ತನಾಳಕ್ಕೆ ಹೋದರೆ ಸುಮಾರು ಒಂದು ನಿಮಿಷದಲ್ಲಿ ಗರ್ಭಕೋಶ ಸಡಿಲಗೊಳ್ಳುತ್ತದೆ, ಕೆಲವೇ ನಿಮಿಷಗಳಲ್ಲಿ ಪ್ರಭಾವ ಮುಗಿಯುತ್ತದೆ. ರಕ್ತದೊತ್ತಡ ಕುಸಿಯಬಹುದಾದ್ದರಿಂದ ಅರಿವಳಿಕೆ ತಜ್ಞರು ಪಕ್ಕದಲ್ಲಿರಬೇಕು. ಕೆಲಸವಾದ ಮೇಲೆ ಗರ್ಭಕೋಶ ಮತ್ತೆ ಬಿಗಿಯಲೇಬೇಕು, ಇಲ್ಲವಾದರೆ ರಕ್ತಸ್ರಾವ ನಿಲ್ಲದು. ಅದಕ್ಕೆ ಕೊಡುವುದು ಅದೇ ಆಕ್ಸಿಟೋಸಿನ್!

ದಿನ ತುಂಬುವ ಮೊದಲೇ ಬಂದ ನೋವನ್ನು ದಿನಗಟ್ಟಲೆ ತಡೆಯುವುದು ಬೇರೆಯೇ ಮಾತು. ಅದಕ್ಕೆ ಟರ್ಬುಟಲಿನ್ ಇಂಜೆಕ್ಷನ್ನನ್ನು 48ರಿಂದ 72 ಗಂಟೆ ಮೀರಿ ಬಳಸಬಾರದು, ಮಾತ್ರೆಯನ್ನಂತೂ ಕೊಡಲೇಬಾರದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲೇ ಎಚ್ಚರಿಸಿದೆ.

ನನಗೆ ನೋವಾದದ್ದು ಒಂದೇ. ಇಷ್ಟನ್ನು ಹೆರಿಗೆಯಾದ ಮರುದಿನ ಯಾರಾದರೂ ಮಂಚದ ಬಳಿ ಕೂತು ನಿಮಗೆ ಹೇಳಬೇಕಿತ್ತು. ಡಿಸ್ಚಾರ್ಜ್ ಕಾಗದದಲ್ಲಿ ಸಿಸೇರಿಯನ್ ಮಾಡಿದ ಕಾರಣ, ಕೊಟ್ಟ ಔಷಧ, ಗರ್ಭಕೋಶ ಕೊಯ್ದ ಬಗೆ ಬರೆದಿದೆಯೇ ನೋಡಿ, ಇಲ್ಲದಿದ್ದರೆ ಬರೆಸಿಕೊಳ್ಳಿ. ಮುಂದಿನ ಬಸಿರಿನಲ್ಲಿ ವಾಣಿ ವಿಲಾಸ ಆಸ್ಪತ್ರೆಗೆ ಹೋದರೂ ಬಡಾವಣೆಯ ನರ್ಸಿಂಗ್ ಹೋಮ್‌ಗೆ ಹೋದರೂ, ಹೊಲಿಗೆಯಿರುವ ಗರ್ಭಕೋಶಕ್ಕೆ ನೋವು ಬರಿಸಬಹುದೇ ಎಂಬುದನ್ನು ವೈದ್ಯರು ಆ ಕಾಗದ ನೋಡಿಯೇ ನಿರ್ಧರಿಸುತ್ತಾರೆ.